ದಾನವ್ವನ ಫಿಲ್ಮು

ನಮ್ಮ ದವಾಖಾನೆಯಲ್ಲಿ ಎದೆಯ ಎಕ್ಸರೇ ತೆಗೆಯುವುದೆಂದರೆ ಮೊದಲು ಒಂದು ಜಗಳ ಆಗಲೇಬೇಕು. ಮೈಮೇಲಿನ ಲೋಹ ತೆಗೆಯಿರಿ ಅಂತ ನಾನು ಹೇಳಬೇಕು. ಜೀವ ಹೋದರೂ ಲಿಂಗ ಮೈ ಬಿಡಬಾರದು ಅಂತ ಅವರು ಹೇಳಬೇಕು. ನಾನೂ ಲಿಂಗ ಕಟ್ಟಿದವನೇ, ಅವರ ಮಾತು ತಪ್ಪು ಅನ್ನುವ ಹಾಗಿಲ್ಲ. ಕೊನೆಗೆ ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ರುಮಾಲಿನೊಳಗೆ ತಲೆಯ ಮೇಲೆ ಕಟ್ಟಿಕೊಳ್ಳಿರಿ ಅಂತ ರಾಜಿ. ಅದಕ್ಕೂ ಒಪ್ಪದ ಹತ್ತಿಯ ಸಾವಕಾರರು ಇದ್ದರು. ಅವರ ಫೋಟೋದಲ್ಲಿ ಪಕ್ಕೆಲುಬುಗಳ ನಡುವೆ ಒಂದು ದುಂಡನೆಯ ಬಿಳಿ ಮೂಡುತ್ತಿತ್ತು. ಬೆಳ್ಳಿ ಇದ್ದಲ್ಲಿ ಕಿರಣ ದಾಟುವುದಿಲ್ಲ, ಫಿಲ್ಮು ಬಿಳಿಯಾಗಿಯೇ ಉಳಿಯುತ್ತದೆ. ಒಮ್ಮೆ ಡಾಕ್ಟರ್ ಸಾಹೇಬರು ಫೋಟೋವನ್ನು ಕಿಟಕಿಗೆ ಹಿಡಿದು, "ನೀಲಕಂಠಪ್ಪ, ಹುಬ್ಬಳ್ಳ್ಯಾಗ ಎಲ್ಲಾರ ಎದಿಯಾಗೂ ಚಂದ್ರ ಹುಟ್ಟ್ಯಾನೇನು?" ಅಂದರು. ಅಂಥ ಚಂದ್ರರನ್ನು ನಾನು ನಾಲ್ಕುನೂರಾದರೂ ನೋಡಿದ್ದೇನೆ. ಆ ಅಂಚಿನ ಬಾಗು ನನಗೆ ನನ್ನ ಅವ್ವ ಬಡಿಯುವ ರೊಟ್ಟಿಯ ಅಂಚಿನಷ್ಟು ಗುರುತು. ಈ ಮಾತು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ನಾನು ಈ ಕೆಲಸಕ್ಕೆ ಓದಿ ಬಂದವನಲ್ಲ. ಅರಳೆ ಗಿರಣಿಯಲ್ಲಿ ಎಂಜಿನ್ ನೋಡುತ್ತಿದ್ದೆ. ಊರ ವ್ಯಾಪಾರಸ್ಥರು ಸೇರಿ ಧರ್ಮದ ದವಾಖಾನೆ ಕಟ್ಟಿಸಿ, ಮೂವತ್ತೆರಡನೆಯ ಇಸವಿಯಲ್ಲಿ ಮುಂಬಯಿಯಿಂದ ಎಕ್ಸರೇ ಯಂತ್ರ ತರಿಸಿದರು. ಅದಕ್ಕೆ ಕರೆಂಟು ಕೊಡಲು ಗಿರಣಿಯ ಹಳೆಯ ಎಂಜಿನ್ ಬಂತು, ಎಂಜಿನ್ ಜೊತೆ ನಾನೂ ಬಂದೆ, ಎತ್ತಿನ ಜೊತೆ ಹಗ್ಗ ಬಂದ ಹಾಗೆ. ಉಳಿದದ್ದನ್ನು ಡಾಕ್ಟರ್ ಸಾಹೇಬರು ಕಲಿಸಿದರು.

ಅವರು ಕಲಿಸಿದ ಒಂದು ಪದ್ಧತಿ ಇತ್ತು. ದಿನಾ ಮುಂಜಾನೆ ಯಂತ್ರ ಚಾಲೂ ಮಾಡಿ, ನನ್ನ ಕೈಯನ್ನೇ ಹೊಳೆಯುವ ಪರದೆಯ ಹಿಂದೆ ಹಿಡಿದು, ಎಲುಬು ಚೊಕ್ಕ ಕಾಣುತ್ತವೆಯೇ ನೋಡಬೇಕು. ಅನ್ನ ಬೆಂದಿತೇ ಅಂತ ಅಗುಳು ಒತ್ತಿ ನೋಡುವುದಿಲ್ಲವೇ, ಹಾಗೆ. ನಾಲ್ಕು ವರ್ಷ ನನ್ನ ಕೈಯೇ ಅಗುಳಾಗಿತ್ತು. ಉಗುರುಗಳಲ್ಲಿ ಗೀರು ಎದ್ದವು. ಚರ್ಮ ಶೇಂಗಾ ಸಿಪ್ಪೆಯಂತೆ ಒಣಗಿತು. ತೋರುಬೆರಳಿನಲ್ಲಿ ಬಿದ್ದ ಸೀಳು ಆರು ತಿಂಗಳಾದರೂ ಕೂಡಲಿಲ್ಲ.

ಮೂವತ್ತಾರರಲ್ಲಿ ಸಾಹೇಬರು ಮುಂಬಯಿಯ ಯಾವುದೋ ಸಭೆಗೆ ಹೋಗಿ ಒಂದು ಕಾಗದ ಹಿಡಿದು ಬಂದರು. ಎಕ್ಸರೇ ಕೆಲಸದವರ ಮೈಮೇಲೆ ದಿನಕ್ಕೆ ಇಷ್ಟೇ ಕಿರಣ ಬೀಳಬಹುದು, ಅದರಾಚೆ ಬಿದ್ದರೆ ಕೇಡು ಅಂತ ವಿಲಾಯತಿಯ ದೊಡ್ಡವರು ಕೂತು ಮಿತಿ ಹಾಕಿದ್ದರಂತೆ.

"ಅದನ್ನ ಅಳಿಯಾಕ ನಮ್ಮ ಹತ್ರ ಏನೈತ್ರಿ?" ಅಂದೆ.

"ಏನೂ ಇಲ್ಲ," ಅಂದರು ಸಾಹೇಬರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ದಿನಕ್ಕೆ ನೂರು ರೋಗಿಗಳನ್ನು ನೋಡಿ ನೋಡಿ ಅವರಿಗೆ ಸುಳ್ಳು ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಅಳೆಯುವ ಬದಲಿಗೆ ಒಂದು ಉಪಾಯ ಇತ್ತು. ಹಲ್ಲಿನ ಫೋಟೋಕ್ಕೆ ಬಳಸುವ ಸಣ್ಣ ಫಿಲ್ಮು, ಎರಡು ಬೆರಳಿನಷ್ಟು ಅಗಲ, ಕಪ್ಪು ಕಾಗದದಲ್ಲಿ ಸುತ್ತಿದ್ದು. ಅದರ ಮೇಲೆ, ನಡುವಿಗೆ ಬರುವಂತೆ, ಕಾಗದ ಹಿಡಿಯುವ ತಂತಿಯ ಪಿನ್ನು ಸಿಕ್ಕಿಸಿ ಹದಿನೈದು ದಿನ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಕತ್ತಲೆ ಕೋಣೆಯಲ್ಲಿ ತೊಳೆದು ನೋಡಬೇಕು. ಫಿಲ್ಮು ಕಪ್ಪಾಗಿ ಪಿನ್ನಿನ ಆಕಾರ ಬೆಳ್ಳಗೆ ಮೂಡಿದರೆ ಮಿತಿ ದಾಟಿತು ಅಂತ ಅರ್ಥ. ಪಿನ್ನು ಕಾಣದಿದ್ದರೆ ಆರಾಮ.

ಸಾಹೇಬರು ಯಂತ್ರದ ಬದಿಗೆ ಸೀಸದ ತಗಡು ಬಡಿದ ಮರದ ಪಡದಿಯೊಂದನ್ನು ಮರೆಯಾಗಿ ನಿಲ್ಲಿಸಿದರು. "ಇನ್ನ ಮ್ಯಾಲೆ ನೀ ಇದರ ಹಿಂದ ನಿಂತು ಗುಂಡಿ ಒತ್ತು. ಕೈ ಹಿಡಿದು ನೋಡೋದು ಬಂದ್," ಅಂದರು.

"ಹುಡುಗರನ್ನ ಯಾರು ಹಿಡೀಬೇಕ್ರಿ?"

ಇದುವರೆಗೆ ನಾನೇ ಹಿಡಿಯುತ್ತಿದ್ದೆ. ಗಂಟಲಲ್ಲಿ ದುಡ್ಡಿನ ಬಿಲ್ಲೆ ಸಿಕ್ಕಿಸಿಕೊಂಡ ಕೂಸು, ಕೈ ಮುರಿದುಕೊಂಡದ್ದು, ಕ್ಷಯ ಅಂತ ಸಂಶಯ ಇದ್ದದ್ದು, ದಿನಕ್ಕೆ ಆರೇಳು ಬರುತ್ತಿದ್ದವು. ಆ ಯಂತ್ರಕ್ಕೆ ಎರಡು ಮೂರು ಸೆಕೆಂಡು ಅಲುಗಾಡದೆ ಇರಬೇಕು. ಯಾವ ಕೂಸು ಇರುತ್ತದೆ? ತಾಯಂದಿರನ್ನು ನಾವು ಒಳಗೆ ಬಿಡುತ್ತಿರಲಿಲ್ಲ. ಕೂಸಿಗಿಂತ ಹೆಚ್ಚು ಅವರೇ ಅಳುತ್ತಿದ್ದರು. ಅಲ್ಲದೆ ಒಬ್ಬ ಗಂಡಸು ಇರುವ ಕತ್ತಲೆಯ ಎಕ್ಸರೇ ಕೋಣೆಗೆ ಬರಲು ಅವರೂ ಒಪ್ಪುತ್ತಿರಲಿಲ್ಲ.

ಸಾಹೇಬರು ಸ್ವಲ್ಪ ಹೊತ್ತು ಕಾಗದ ತಿರುವಿ ಹಾಕಿದರು. ಅದರಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. "ದಾನವ್ವ ಹಿಡೀತಾಳ," ಅಂದರು.

ದಾನವ್ವ ನಮ್ಮ ದವಾಖಾನೆಯ ಆಯಾ. ನನಗಿಂತ ಐದಾರು ವರ್ಷ ದೊಡ್ಡವಳು, ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಗೋಪನಕೊಪ್ಪದಿಂದ ದಿನಾ ನಡೆದು ಬರುತ್ತಿದ್ದಳು, ಹಣೆಯಲ್ಲಿ ಮೂರು ಬೆರಳ ವಿಭೂತಿ, ಕಂಕುಳಲ್ಲಿ ರೊಟ್ಟಿಯ ಗಂಟು. ಕೂಸು ಎಷ್ಟೇ ಕಿರುಚಲಿ, ಎಡಗೈಯಿಂದ ಅದರ ಗದ್ದ ಹಿಡಿದು ಕಿವಿಯಲ್ಲಿ, "ಗುಬ್ಬಿ ಬಂದೈತಿ ನೋಡು, ಉಸುರಾಡಿದ್ರ ಹಾರಿ ಹೋಕ್ಕೈತಿ," ಅಂತಿದ್ದಳು. ಕೂಸು ಗುಬ್ಬಿ ಹುಡುಕುತ್ತಾ ಸುಮ್ಮನಾಗುತ್ತಿತ್ತು. ನಾನು ಪಡದಿಯ ಹಿಂದಿನಿಂದ ಗುಂಡಿ ಒತ್ತುತ್ತಿದ್ದೆ. ಫೋಟೋಗಳ ಅಂಚಿನಲ್ಲಿ ಒಮ್ಮೊಮ್ಮೆ ಅವಳ ಎಡಗೈಯ ಎಲುಬು ಮೂಡುತ್ತಿದ್ದವು, ಸಾಲಾಗಿ, ಚೊಕ್ಕವಾಗಿ.

ಒಂದು ವರ್ಷದಲ್ಲಿ ನನ್ನ ಬೆರಳಿನ ಸೀಳು ಕೂಡಿತು. ಹದಿನೈದು ದಿನಕ್ಕೊಮ್ಮೆ ನನ್ನ ಫಿಲ್ಮು ತೊಳೆದರೆ ಪಿನ್ನಿನ ಸುಳಿವೇ ಇಲ್ಲ. ಸಾಹೇಬರು ನೋಡಿ ತಲೆ ಆಡಿಸುತ್ತಿದ್ದರು. ನನಗೆ ಹಗುರ ಅನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ. ಹೆಂಡತಿಯ ಮುಂದೆ ಕೈ ಚಾಚಿ ತೋರಿಸಿ ನಕ್ಕಿದ್ದೂ ಉಂಟು.

ಆಮೇಲೆ ಒಂದು ದಿನ ದಾನವ್ವ ನನಗೆ ನೀರಿನ ತಂಬಿಗೆ ಕೊಡುವಾಗ ಅವಳ ಎಡಗೈಯ ಉಗುರು ನೋಡಿದೆ. ಉದ್ದಕ್ಕೆ ಗೀರು. ನನ್ನ ಉಗುರಲ್ಲಿ ಇದ್ದವಲ್ಲ, ಅವೇ.

"ಯಕ್ಕಾ, ಇದೇನಿದು?"

"ಖಾರದ ಔಷಧಿ ನೀರಾಗ ನೆಲಾ ಒರಸತೇನಲ್ಲ, ಅದಕ್ಕ," ಅಂದಳು.

ನೆಲ ಬಲಗೈಯಿಂದ ಒರೆಸುತ್ತಾರೆ. ಇದು ನನಗೆ ಆಗಲೇ ಹೊಳೆಯಿತು. ಹೊಳೆದರೂ ಎರಡು ವಾರ ಸುಮ್ಮನಿದ್ದೆ. ಆಮೇಲೆ ಸಾಹೇಬರನ್ನು ಕೇಳಿದೆ, ದಾನವ್ವಗೂ ಒಂದು ಫಿಲ್ಮು ಕೊಡೋಣೇನ್ರಿ ಅಂತ.

"ಅದು ಎಕ್ಸರೇ ಖಾತೆಯವರಿಗೆ ಅಷ್ಟ ನೀಲಕಂಠಪ್ಪ. ಆಕಿ ಆಯಾ. ಆಕಿಗೆ ಕೊಟ್ರ ನಾಳೆ ಕಸ ಹೊಡಿಯಾಂವನೂ ಕೇಳತಾನ. ಹಲ್ಲಿನ ಫೋಟೋಕ್ಕ ಫಿಲ್ಮು ಎಲ್ಲಿಂದ ತರೂಣು?" ಅಂದರು. ಸಿಟ್ಟಿನಿಂದ ಅಲ್ಲ. ಹೊರಗೆ ಇನ್ನೂ ನಲವತ್ತು ಜನ ಕೂತಿದ್ದರು.

ಆ ದಿನ ಸಂಜೆ ನನ್ನ ಪಾಲಿನ ಫಿಲ್ಮನ್ನು ಪಿನ್ನು ಸಮೇತ ದಾನವ್ವನ ಕೈಗೆ ಕೊಟ್ಟೆ. "ಹದಿನೈದು ದಿನ ಎದಿ ಮ್ಯಾಲೆ ಇಟ್ಕೋ. ತೊಯ್ಸಬ್ಯಾಡ, ಬಿಚ್ಚಬ್ಯಾಡ."

ಅವಳು ತಿರುವಿ ಮುರುವಿ ನೋಡಿದಳು. "ಏನು ತಮ್ಮಾ ಇದು, ತಾಯತ ಏನು?"

ಬೆಳಗಿನಿಂದ ಎಂಜಿನ್ನಿನ ಧಡಧಡ ಕೇಳಿ ತಲೆ ಸಿಡಿಯುತ್ತಿತ್ತು. ಕಿರಣ, ಮಿತಿ, ವಿಲಾಯತಿ, ಇದನ್ನೆಲ್ಲ ಮತ್ತೆ ಮೊದಲಿನಿಂದ ಯಾರು ಹೇಳಬೇಕು? "ಹಂಗ ಅಂತ ತಿಳಿ," ಅಂದೆ.

ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು. ಗೋಡೆಯ ಕಡೆ ತಿರುಗಿ ಸೆರಗಿನೊಳಗೆ ಇಟ್ಟುಕೊಂಡಳು. ಹೆಣ್ಣುಮಗಳು, ನಾನು ಬೇರೆ ಕಡೆ ನೋಡಿದೆ. ಎಲ್ಲಿ ಇಟ್ಟುಕೊಂಡಳು ಅಂತ ಕೇಳಲಿಲ್ಲ, ಕೇಳುವ ಮಾತೂ ಅಲ್ಲ.

ಹದಿನೈದು ದಿನದ ಮೇಲೆ ತೊಳೆದೆ. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಫಿಲ್ಮು ಎತ್ತಿ ಹಿಡಿದೆ. ಪಿನ್ನು ಮೂಡಿದ್ದರೆ ಸಾಹೇಬರಿಗೆ ಹೇಳಬೇಕು. ಹೇಳಿದರೆ ಅವರು ಏನು ಮಾಡಬೇಕು? ನೀನೇ ಹಿಡಿ ಅನ್ನಬೇಕು.

ಪಿನ್ನು ಇರಲಿಲ್ಲ. ನಡುವೆಲ್ಲ ಬೆಳ್ಳಗೆ, ಸ್ವಚ್ಛ. ಒಂದು ಮೂಲೆ ಮಾತ್ರ ಕಪ್ಪಾಗಿತ್ತು, ಅದರ ಅಂಚು ಸ್ವಲ್ಪ ಬಾಗಿತ್ತು. ಕಾಗದ ಸಡಿಲಾಗಿ ಮೂಲೆಯಲ್ಲಿ ಬೆಳಕು ಹೊಕ್ಕಿರಬೇಕು ಅಂದುಕೊಂಡೆ. ಹಾಗೆ ಆಗುವುದುಂಟು. ಇನ್ನೊಂದು ಸಲ ಸರಿಯಾಗಿ ನೋಡಬಹುದಿತ್ತು. ನಾನು ಕೂಡಿದ ನನ್ನ ಬೆರಳು ನೋಡಿಕೊಂಡೆ. ಫಿಲ್ಮನ್ನು ಒಣಗಿಸಿ ಮೇಜಿನ ಖಾನೆಗೆ ಹಾಕಿದೆ.

"ಹೆಂಗ ಬಂತು ತಮ್ಮಾ?" ಅಂತ ದಾನವ್ವ ಕೇಳಿದಳು.

"ಛಲೋ ಐತಿ ಯಕ್ಕಾ. ಏನೂ ಇಲ್ಲ."

"ಹಂಗಾರ ಇನ್ನೊಂದು ಕೊಡು. ಅದಿದ್ರ ಒಂಥರಾ ಧೈರ್ಯ ಬರತೈತಿ."

ಇನ್ನೊಂದು ಕೊಟ್ಟೆ. ಅದನ್ನು ಮರಳಿ ಕೇಳಲಿಲ್ಲ. ಒಮ್ಮೆ ಆರಾಮ ಅಂತ ಬಂದ ಮೇಲೆ ಮತ್ತೆ ಮತ್ತೆ ಕೆದರುವುದು ಯಾಕೆ ಅಂತ ಇತ್ತು ನನ್ನ ಮನಸ್ಸಿನಲ್ಲಿ. ಹುಣ್ಣು ಕೆದರಬಾರದು ಅಂತಾರಲ್ಲ. ಹುಣ್ಣು ಯಾರದು ಅಂತ ನಾನು ಕೇಳಿಕೊಳ್ಳಲಿಲ್ಲ.

ಹೀಗೆ ಎರಡು ವರ್ಷ. ದಾನವ್ವ ಬೆರಳಿಗೆ ಅರಿಷಿಣ, ಎಣ್ಣೆ ಹಚ್ಚಿ ಅರಿವೆ ಸುತ್ತಿಕೊಂಡು ಬರತೊಡಗಿದಳು. ಕೇಳಿದರೆ ಈಳಿಗಿ ತಾಗಿತು ಅಂದಳು, ಸುಟ್ಟಿತು ಅಂದಳು. ಆಮೇಲೆ ನಾನೂ ಕೇಳುವುದು ಬಿಟ್ಟೆ. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವವಳು, ಕೂಸು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದಳು. ಮೂವತ್ತೊಂಬತ್ತರ ಶ್ರಾವಣದಲ್ಲಿ ಒಂದು ಕೂಸಿನ ಗದ್ದಕ್ಕೆ ರಕ್ತ ಹತ್ತಿದ್ದನ್ನು ಸಾಹೇಬರು ನೋಡಿದರು. ಕೂಸಿಗೆ ಗಾಯ ಇರಲಿಲ್ಲ.

ಅವರು ದಾನವ್ವನ ಕೈಯ ಅರಿವೆ ಬಿಚ್ಚಿಸಿದರು. ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಇದು ಮೇಲಕ್ಕೆ ಏರುವ ಹುಣ್ಣು, ತೋರುಬೆರಳು ನಡುಬೆರಳು ಎರಡೂ ತೆಗೆಯಬೇಕು, ತಡ ಮಾಡಿದರೆ ಕೈಯೇ ಹೋಗುತ್ತದೆ ಅಂದರು.

ದಾನವ್ವ ಅಳಲಿಲ್ಲ. ಒಂದೇ ಮಾತು ಕೇಳಿದಳು. "ಅಂಗೈ ಉಳೀತೈತೇನ್ರಿ?"

ಸಾಹೇಬರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ದಿನಾ ಮುಂಜಾನೆ ಸ್ನಾನ ಮಾಡಿ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯ ಅಂಗೈಮೇಲೆ ಇಟ್ಟುಕೊಂಡೇ ನಾವು ಪೂಜೆ ಮಾಡುವುದು. ಅವಳಿಗೆ ಬೆರಳಿನ ಚಿಂತೆ ಇರಲಿಲ್ಲ.

ಕತ್ತರಿಸುವ ದಿನ ಮುಂಜಾನೆ ಕ್ಲೋರೋಫಾರ್ಮು ಕೊಡಬೇಕು, ಕೊರಳಲ್ಲಿ ದಾರ ಇರಬಾರದು ಅಂತ ನರ್ಸ್ ಹೇಳಿದಳು. ಎಷ್ಟು ಜನರಿಗೆ ಹೇಳಿದ್ದೆನೋ, ಅದೇ ಮಾತನ್ನು ನಾನು ದಾನವ್ವಗೂ ಹೇಳಿದೆ. "ತಲಿ ಮ್ಯಾಲೆ ಕಟ್ಟಿಕೋ ಯಕ್ಕಾ." ಅವಳು ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ನನ್ನ ಮುಂದೆಯೇ ಕೊರಳಿನಿಂದ ಗಂಟು ತೆಗೆದು, ಬಲಗೈಯಿಂದ ಅರಿವೆ ಬಿಚ್ಚಿದಳು. ಒಳಗೆ ಬೆಳ್ಳಿಯ ಕರಡಿಗೆ, ತವರಿನಿಂದ ಬಂದ ಒಂದೇ ಬೆಳ್ಳಿ. ಅದರ ಹಿಂದೆ, ಬೆವರಿಗೆ ಮೆತ್ತಗಾಗಿ ಅಂಟಿಕೊಂಡು, ನಾನು ಕೊಟ್ಟ ಫಿಲ್ಮು.

"ತೊಗೋ, ನಿಂದು," ಅಂದಳು. "ಜ್ವಾಕಿ ಮಾಡೇನಿ. ಒಂದ ದಿನಾನೂ ಬ್ಯಾರೆ ಕಡೆ ಇಟ್ಟಿಲ್ಲ."

"ಮೊದಲಿಂದೂ ಇಲ್ಲೇ ಇಟ್ಟಿದ್ದೇನು?"

"ಮತ್ತೆಲ್ಲಿ ಇಡಲಿ? ತಾಯತ ಅಂತ ತಿಳಿ ಅಂದಿ."

ಅವಳನ್ನು ಒಳಗೆ ಒಯ್ದರು. ನಾನು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಪ್ಪು ಕಾಗದ ಬಿಚ್ಚಿ ಔಷಧಿಯ ನೀರಿನಲ್ಲಿ ತೊಳೆದೆ. ಫಿಲ್ಮು ಹಳೆಯದಾಗಿ ಮಸುಕಾಗಿತ್ತು, ಆದರೂ ಒಂದು ಮೂಲೆ ಡಾಂಬರಿನಷ್ಟು ಕಪ್ಪು, ನಡುವೆ ಬಿಳಿ, ಎರಡರ ನಡುವೆ ಒಂದು ಬಾಗಿದ ಅಂಚು. ಖಾನೆಯಿಂದ ಮೊದಲನೆಯ ಫಿಲ್ಮು ತೆಗೆದು ಪಕ್ಕದಲ್ಲಿ ಹಿಡಿದೆ. ಅದೇ ಬಾಗು. ನಾಲ್ಕುನೂರು ಸಲ ನೋಡಿದ ಚಂದ್ರ.

ಫಿಲ್ಮಿನ ಮೇಲೆ ಬೀಳಬೇಕಾದ ಕಿರಣವನ್ನೆಲ್ಲ ಮುಂದಿದ್ದ ಬೆಳ್ಳಿ ತಡೆದಿತ್ತು. ಬೆಳ್ಳಿಯ ಆಚೆ ಚಾಚಿದ್ದ ಒಂದೇ ಮೂಲೆ ಮೊದಲ ಹದಿನೈದು ದಿನದಲ್ಲೇ ನಿಜ ಹೇಳಿತ್ತು. ಊರವರ ಎದೆಯಲ್ಲೆಲ್ಲ ಅದನ್ನು ಗುರುತಿಸಿದ ನಾನು ದಾನವ್ವನ ಫಿಲ್ಮಿನಲ್ಲಿ ಬೆಳಕು ಹೊಕ್ಕಿದೆ ಅಂದಿದ್ದೆ.

ಮೂರನೆಯ ದಿನ ಅವಳು ಸ್ವಲ್ಪ ಚೇತರಿಸಿಕೊಂಡಾಗ ಮಂಚದ ಬದಿಗೆ ಕೂತು ಎಲ್ಲ ಹೇಳಿದೆ. ಎರಡೂ ಫಿಲ್ಮು ತೋರಿಸಿದೆ. ಅವಳಿಗೆ ನಾನು ಅಂದುಕೊಂಡದ್ದಕ್ಕಿಂತ ಲಗೂನ ತಿಳಿಯಿತು. ಎರಡು ವರ್ಷದ ಹಿಂದೆಯೂ ತಿಳಿಯುತ್ತಿತ್ತು, ನಾನು ಹೇಳಿದ್ದರೆ.

"ಈ ಮೂಲಿ ಆವಾಗೂ ಕರ್ರಗ ಇತ್ತಲ್ಲ?" ಅಂದಳು.

"ಇತ್ತು ಯಕ್ಕಾ."

"ಮತ್ತ ಛಲೋ ಐತಿ ಅಂದಿ."

"ಅಂದೆ."

ಅವಳು ಗೋಡೆಯ ಕಡೆ ತಿರುಗಿದಳು. ನಾನು ಕೂತೇ ಇದ್ದೆ. ಎಂಜಿನ್ ಚಾಲೂ ಮಾಡಬೇಕು ಅಂತ ಕರೆಯಲು ಬಂದರು, ಎದ್ದು ಹೋದೆ.

ಅವತ್ತಿನಿಂದ ಹುಡುಗರನ್ನು ನಾನೇ ಹಿಡಿದೆ. ಗುಂಡಿಗೆ ಉದ್ದನೆಯ ತಂತಿ ಕಟ್ಟಿ ಒಂದು ಕೈಯಲ್ಲಿ ಒತ್ತಿ, ಇನ್ನೊಂದು ಕೈಯಲ್ಲಿ ಗದ್ದ ಹಿಡಿಯುವುದು. ನನಗೆ ಗುಬ್ಬಿಯ ಕಥೆ ಬರುತ್ತಿರಲಿಲ್ಲ, ನನ್ನ ಮೋರೆ ನೋಡಿ ಕೂಸುಗಳು ಇನ್ನೂ ಜೋರು ಅಳುತ್ತಿದ್ದವು. ಹದಿನೈದು ದಿನಕ್ಕೆ ನನ್ನ ಫಿಲ್ಮು ತೊಳೆದರೆ ಕಾಡಿಗೆಯಂಥ ಕಪ್ಪಿನ ನಡುವೆ ಪಿನ್ನು ಸೂಜಿಯಷ್ಟು ಸ್ಪಷ್ಟ. ಸಾಹೇಬರು ನೋಡಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಮಿತಿ ದಾಟೈತಿ ನೀಲಕಂಠಪ್ಪ. ನೀ ಹಿಡಿಯೂ ಹಂಗಿಲ್ಲ. ಸೋಮವಾರದಿಂದ ಶೇವಂತೆವ್ವ ಅಂತ ಹೊಸಾ ಆಯಾ ಬರಾಕತ್ತ್ಯಾಳ, ಆಕಿ ಹಿಡೀಲಿ."

"ಆಕಿಗೆ ಮಿತಿ ಇಲ್ಲೇನ್ರಿ?"

ಅವರು ಕನ್ನಡಕ ಹಾಕಿಕೊಂಡು ಮುಂದಿನ ರೋಗಿಯ ಚೀಟಿ ಎತ್ತಿಕೊಂಡರು. ಬೇರೆ ದಾರಿ ನನಗೂ ಗೊತ್ತಿರಲಿಲ್ಲ. ದಣಿವಿಗೂ ಒಂದು ಮಿತಿ ಹಾಕಿದ್ದರೆ ನಾವಿಬ್ಬರೂ ಅದನ್ನು ಯಾವಾಗಲೋ ದಾಟಿದ್ದೆವು.

ದಾನವ್ವ ಕೈಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬಂದಿದ್ದಳು, ಚೀಟಿ ಕೂಗುವ ಕೆಲಸ. ನನ್ನ ಜೊತೆ ಬೇಕಾದಷ್ಟೇ ಮಾತು. ಆ ಶನಿವಾರ ಹಳೇ ಹುಬ್ಬಳ್ಳಿಯ ಗುಲ್ಜಾರಬಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಕೂಸು ಕಟ್ಟೆಯಿಂದ ಬಿದ್ದು ಮೊಣಕೈ ಬಾತಿತ್ತು. ಕೂಸನ್ನು ಇಸಿದುಕೊಳ್ಳಲು ನಾನು ಕೈ ಚಾಚಿದೆ. ಬಾಗಿಲಲ್ಲಿ ನಿಂತಿದ್ದ ದಾನವ್ವ, "ತಡಿ," ಅಂದಳು.

"ಸೋಮವಾರದಿಂದ ಹೊಸಾಕಿ ಹಿಡೀತಾಳಂತ, ಖರೇ ಏನು?"

"ಹೂಂ."

"ಆಕಿ ಬೆರಳೂ ಹೋದ ಮ್ಯಾಲೆ ಯಾರು?"

ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಗುಲ್ಜಾರಬಿಯನ್ನು ನೋಡಿದಳು, ಕೂಸನ್ನು ನೋಡಿದಳು. ಆಮೇಲೆ ಚೀಟಿಯ ಲೆಕ್ಕ ಹೇಳುವ ದನಿಯಲ್ಲೇ ಹೇಳಿದಳು, "ನಾವು ಹಿಡದ್ರ ದಿನಕ್ಕ ಆರು ಸಲ. ಕೂಸಿನ ಅವ್ವ ಹಿಡದ್ರ ಜಲ್ಮದಾಗ ಒಂದ ಸಲ. ಅವ್ವಾನ ಹಿಡೀಲಿ."

ಇಷ್ಟೇ ಮಾತು. ಸಾಹೇಬರು ಮುಂಬಯಿಗೆ ಹೋಗಿ ಬಂದಿದ್ದರು, ನಾನು ಏಳು ವರ್ಷ ಯಂತ್ರದ ಪಕ್ಕದಲ್ಲಿ ನಿಂತಿದ್ದೆ. ಇದು ನಮಗೆ ಯಾಕೆ ಹೊಳೆಯಲಿಲ್ಲ ಅಂತ ಯೋಚಿಸಿದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಹಿಡಿಯಲು ಒಬ್ಬಳು ಸಿಕ್ಕಿದ್ದಳು, ಅದಕ್ಕೇ ಹೊಳೆಯಲಿಲ್ಲ.

ಗುಲ್ಜಾರಬಿ ಕತ್ತಲೆಯ ಎಕ್ಸರೇ ಕೋಣೆಯನ್ನೂ ನನ್ನನ್ನೂ ನೋಡಿ ಹಿಂದೆ ಸರಿದಳು. "ಒಳಗ ಗಂಡಸರು ಅದಾರ, ನಾ ಹೆಂಗ ಬರ್ಲಿ?"

"ನಾನೂ ಇರತೇನಲ್ಲ ಬಾರವ್ವ," ಅಂದಳು ದಾನವ್ವ.

ಒಳಗೆ ಬಂದಳು. ದಾನವ್ವ ಅವಳಿಗೆ ಎಲ್ಲಿ ಹಿಡಿಯಬೇಕು, ಬೆರಳು ಹೇಗೆ ಫಿಲ್ಮಿನ ಅಂಚಿನಿಂದ ದೂರ ಇಡಬೇಕು ಅಂತ ತೋರಿಸಿಕೊಟ್ಟು, ನನ್ನ ಜೊತೆ ಪಡದಿಯ ಹಿಂದೆ ಬಂದು ನಿಂತಳು. ಇಬ್ಬರು ನಿಲ್ಲುವಷ್ಟು ಜಾಗ ಅಲ್ಲಿ ಮೊದಲಿನಿಂದಲೂ ಇತ್ತು. ಅಲ್ಲಿಂದಲೇ, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, "ಗುಬ್ಬಿ ಬಂದೈತಿ ನೋಡು," ಅಂದಳು. ಕೂಸು ಸುಮ್ಮನಾಯಿತು. ನಾನು ಗುಂಡಿ ಒತ್ತಿದೆ.

ಸೋಮವಾರ ಸಾಹೇಬರಿಗೆ ಹೇಳಿದೆ, ಇನ್ನು ಮೇಲೆ ಕೂಸನ್ನು ಶೇವಂತೆವ್ವ ಅಲ್ಲ, ಅದರ ತಾಯಿಯೇ ಹಿಡಿಯಲಿ, ಕೋಣೆಯೊಳಗೆ ನಿಲ್ಲುವವರಿಗೆಲ್ಲ ಫಿಲ್ಮು ಬೇಕು, ಇಲ್ಲದಿದ್ದರೆ ನಾನು ಗಿರಣಿಗೆ ವಾಪಸು ಹೋಗುತ್ತೇನೆ ಅಂತ. ಅವರು ಒಂದು ಡಬ್ಬಿ ತೆಗೆದು ಕೊಟ್ಟರು. ಕಾಗದದ ಮೇಲೆ ಪೆನ್ಸಿಲಿನಿಂದ ದಾನವ್ವ ಅಂತ ಬರೆದೆ. ಈ ಸಲ ಏನು, ಯಾಕೆ, ಎಲ್ಲಿ ಅಂತ ಎಲ್ಲ ಬಿಡಿಸಿ ಹೇಳಿದೆ. ಅವಳು ಪೂರಾ ಕೇಳಿ, ಅದನ್ನು ಎಲ್ಲರಿಗೂ ಕಾಣುವ ಹಾಗೆ ಹೆಗಲ ಮೇಲೆ ಸೆರಗಿಗೆ ಸಿಕ್ಕಿಸಿಕೊಂಡಳು. ಲಿಂಗದ ಗಂಟು ಕೆಳಗೆ ಅದರ ಜಾಗದಲ್ಲೇ ಇತ್ತು. ಈಗ ಅವಳು ಪೂಜೆಗೆ ಕೂತಾಗ ಎಡಗೈಯ ಅಂಗೈಮೇಲೆ ಲಿಂಗ ನಿಲ್ಲುವುದಿಲ್ಲವಂತೆ, ತಡೆಯಲು ಮುಂದೆ ಬೆರಳಿಲ್ಲ, ಬಲಗೈಯನ್ನು ಕೆಳಗೆ ಕೊಟ್ಟು ಹಿಡಿಯಬೇಕಂತೆ. ಇದನ್ನು ಅವಳು ನನಗೆ ಹೇಳಲಿಲ್ಲ, ನರ್ಸ್‌ಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಹದಿನೈದು ದಿನದ ಮೇಲೆ ಅವಳ ಫಿಲ್ಮು ತೊಳೆದೆ. ಅವಳು ಕತ್ತಲೆ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಪಿನ್ನು ಇದೆಯೋ ಇಲ್ಲವೋ ನೋಡುವ ಮೊದಲು ನಾಲ್ಕೂ ಮೂಲೆ ನೋಡಿದೆ. ಆಮೇಲೆ ನಡುವೆ ನೋಡಿದೆ. ಎಲ್ಲೂ ಏನೂ ಇರಲಿಲ್ಲ.

"ಹೆಂಗ ಬಂತು?" ಅಂದಳು ಹೊರಗಿನಿಂದ.

ಛಲೋ ಐತಿ ಅನ್ನುವ ಮಾತು ಬಾಯಿಗೆ ಬಂತು. ಅನ್ನಲಿಲ್ಲ. ಹಸಿ ಫಿಲ್ಮನ್ನು ಹಾಗೇ ಒಯ್ದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದು ಮೂಲೆಯನ್ನೂ ತಾನೇ ನೋಡಿದಳು.